ಮೂರು ದಿನ ‘ಬಿಳಿ’

ತೊಗರ್ಸಿಯ ಎಣ್ಣೆ ವ್ಯಾಪಾರದ ಮನೆಯಲ್ಲಿ ಹುಟ್ಟಿದ ಪರಮಶಿವಪ್ಪನಿಗೆ ಚಿಕ್ಕಂದಿನಿಂದಲೂ ಹೇಸಿಗೆ ಜಾಸ್ತಿ. ಅನ್ನದಲ್ಲಿ ಒಂದು ಕೂದಲೆಳೆ ಕಂಡರೆ ಅಲ್ಲಿಗೆ ಅವನ ಊಟ ಮುಗಿಯುತ್ತಿತ್ತು. ಅಂಗಡಿಯ ಜಿಡ್ಡು ಕೈಗೆ ಹತ್ತುತ್ತದೆಂದೇ ಅಪ್ಪನ ವ್ಯಾಪಾರ ಬಿಟ್ಟು ಕಂಪೌಂಡರ್ ಕೆಲಸ ಕಲಿತ. ‘ಹೇಸಿಗೆಗೆ ಹೆದರಿ ಆಸ್ಪತ್ರೆ ಸೇರ್ಕೊಂಡ’ ಎಂದು ನೆಂಟರು ನಗುತ್ತಿದ್ದರು. ಅವನು ಆ ಕೆಲಸದಲ್ಲಿ ಕಂಡಿದ್ದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುದಿಸಿ ತೆಗೆದ ಸೂಜಿ, ಸಾಲಾಗಿ ನಿಂತ ಔಷಧದ ಬಾಟಲಿ, ಇಷ್ಟನ್ನೇ.

ಶಿಕಾರಿಪುರದಲ್ಲಿ ಡಾಕ್ಟರ್ ಗಂಗಾಧರಪ್ಪನವರದು ಆರು ಮಂಚಗಳ ಸಣ್ಣ ದವಾಖಾನೆ. ಪರಮಶಿವಪ್ಪ ಅಲ್ಲಿ ಸೇರಿ ಏಳು ವರ್ಷವಾಗಿತ್ತು. ಅವನ ಅಕ್ಷರ ಮುತ್ತಿನಂತಿತ್ತು. ಇಂಜೆಕ್ಷನ್ ಕೊಟ್ಟರೆ ಮಕ್ಕಳೂ ಅಳುತ್ತಿರಲಿಲ್ಲ. ಡಾಕ್ಟರಿಗೆ ಅವನ ಮೇಲೆ ಪೂರ್ತಿ ಭರವಸೆಯಿತ್ತು.

೧೯೫೮ರ ಜನವರಿಯಲ್ಲಿ ಸೊರಬದ ಕಡೆಯಿಂದ ಕೆಂಪಪ್ಪ ಎಂಬವನನ್ನು ಹೆಂಡತಿ ತುಂಗಮ್ಮ ಕರೆತಂದಳು. ಐವತ್ತೈದರ ಆಸುಪಾಸಿನ ಆಳು. ಇಪ್ಪತ್ತು ವರ್ಷ ಆಲೆಮನೆಯ ಒಲೆಯ ಮುಂದೆ ಕೂತು, ಬೆಲ್ಲದ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ನೂಕಿ ಉರಿ ಹಾಕಿದವನು. ಹೊಗೆ ಕುಡಿದು ಕುಡಿದು ಎದೆ ಕೆಟ್ಟಿತ್ತು. ವರ್ಷವಿಡೀ ಕೆಮ್ಮು, ಚಳಿಗಾಲ ಬಂತೆಂದರೆ ದಮ್ಮು. ಕ್ಷಯವಿರಬಹುದೆಂದು ಡಾಕ್ಟರು ಹಿಂದಿನ ವರ್ಷವೇ ಮೂರು ಸಲ ಕಫ ಪರೀಕ್ಷಿಸಿ, ಅದಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಈ ಸಲ ಮಾತಾಡಲೂ ಉಸಿರು ಸಾಲದೆ ದಿಂಬಿಗೊರಗಿ ಕೂತಿದ್ದ.

ತುಂಗಮ್ಮ ಪೆನ್ಸಿಲಿನ್ ಇಂಜೆಕ್ಷನ್ ಕೊಡಿಸಿ ಎಂದು ಕೈಮುಗಿದಳು. ಆಗ ಊರಿಗೆ ಊರೇ ಪೆನ್ಸಿಲಿನ್ ಕೇಳುತ್ತಿತ್ತು. ಡಾಕ್ಟರು ಒಪ್ಪಲಿಲ್ಲ. ಪರಮಶಿವಪ್ಪನನ್ನು ಹತ್ತಿರ ಕರೆದು ಕೆಂಪಪ್ಪ ಉಗುಳುವ ಬಿಳಿ ಪಿಂಗಾಣಿ ಬಟ್ಟಲಿನ ಮುಚ್ಚಳ ತೆಗೆದು ತೋರಿಸಿದರು.

“ನೋಡ್ರಿ, ಈ ಹಳೇ ಕೆಮ್ಮಿನೋರ ಎದೆ ಯಾವಾಗ್ಲೂ ಗೊರಗೊರ ಅಂತಾನೇ ಇರ್ತದೆ. ಅದನ್ನ ಕೇಳಿ ತೀರ್ಮಾನ ಮಾಡೋಕಾಗಲ್ಲ. ಜ್ವರಾನೂ ನಂಬಂಗಿಲ್ಲ, ಕೆಲವರಿಗೆ ಬರೋದೇ ಇಲ್ಲ. ಚಳಿಗೋ ಹೊಗೆಗೋ ಹೆಚ್ಚಾಗಿದ್ರೆ ಕಫ ಹೀಗೆ ಬಿಳೀನೇ ಇರ್ತದೆ. ಕ್ರಿಮಿ ಸೇರ್ಕೊಂಡ್ರೆ ಹಳದಿಗೆ ತಿರುಗ್ತದೆ, ಹಸಿರಾಗ್ತದೆ, ಜಾಸ್ತಿ ಬೀಳ್ತದೆ. ಆವಾಗ ಒಂದು ದಿನಾನೂ ತಡ ಮಾಡಬಾರ್ದು.”

ಅದೇ ದಿನ ಮಧ್ಯಾಹ್ನ ಡಾಕ್ಟರ ತಂಗಿಯ ಹೆರಿಗೆ ಕಷ್ಟವಾಗಿದೆಯೆಂದು ದಾವಣಗೆರೆಯಿಂದ ತಂತಿ ಬಂತು. ಹೊರಡುವಾಗ ಅವರು ಪುಸ್ತಕದಲ್ಲಿ ಗೀಟು ಹಾಕಿ, ತಾರೀಖು, ಬಣ್ಣ, ಅಳತೆ ಎಂದು ಬರೆದು ಕೊಟ್ಟರು.

“ದಿನಾ ಬೆಳಿಗ್ಗೆ ಬಟ್ಟಲು ತೊಳೆಯೋಕೆ ಮುಂಚೆ ನೋಡಿ ಬರೀರಿ. ಹಳದಿ ಕಂಡ್ರೆ ನನ್ನ ದಾರಿ ಕಾಯ್ಬೇಡ್ರಿ. ಪೆನ್ಸಿಲಿನ್ ಶುರು ಮಾಡಿಬಿಡ್ರಿ.”

“ಆಯ್ತು ಸಾರ್,” ಎಂದ ಪರಮಶಿವಪ್ಪ.

ಮರುದಿನ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ದವಾಖಾನೆಗೆ ಬಂದ. ಕೆಂಪಪ್ಪನ ಮಂಚದ ಕೆಳಗೆ ಬಟ್ಟಲಿತ್ತು. ಬಗ್ಗಿ ಮುಚ್ಚಳಕ್ಕೆ ಬೆರಳು ತಾಗಿಸಿದ. ಅಂಚಿನ ಅಂಟು ಬೆರಳಿಗೆ ಹತ್ತಿತು. ಕೈ ಹಿಂದಕ್ಕೆ ತೆಗೆದ. ನಿನ್ನೆ ತಾನೇ ಡಾಕ್ಟರು ನೋಡಿದ್ದಾರೆ, ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡ. ಪುಸ್ತಕ ತೆರೆದು ‘ಬಿಳಿ, ಒಂದು ಔನ್ಸು’ ಎಂದು ಬರೆದ. ತಲೆಯೆತ್ತಿದಾಗ ಕೆಂಪಪ್ಪ ತನ್ನನ್ನೇ ನೋಡುತ್ತಿದ್ದುದು ಕಂಡಿತು. ಪರಮಶಿವಪ್ಪ ಮುಂದಿನ ಮಂಚಕ್ಕೆ ನಡೆದ.

ಎರಡನೆಯ ದಿನ ಬಗ್ಗುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಮೂರನೆಯ ದಿನ ಬಾಗಿಲಲ್ಲಿ ನಿಂತೇ ಅದನ್ನೇ ಬರೆದ. ಕೆಂಪಪ್ಪ ಸುಸ್ತಾಗಿ ತೂಕಡಿಸುತ್ತಿದ್ದ. ರಾತ್ರಿ ನಿದ್ದೆಗೆಟ್ಟವನು, ಮಲಗಲಿ ಎಂದು ಪರಮಶಿವಪ್ಪ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದ.

ಅಂದು ಹತ್ತು ಗಂಟೆಯ ಬಸ್ಸಿಗೆ ಡಾಕ್ಟರು ಬಂದರು. ಕೈಚೀಲ ಇಳಿಸಿ ಒಳಗೆ ಹೋದವರು ಒಂದೇ ಕ್ಷಣದಲ್ಲಿ “ಪರಮಶಿವಪ್ಪಾ!” ಎಂದು ಕೂಗಿದರು. ಅವರ ದನಿ ಅಷ್ಟು ಏರಿದ್ದನ್ನು ಅವನು ಏಳು ವರ್ಷದಲ್ಲಿ ಕೇಳಿರಲಿಲ್ಲ. ಕೆಂಪಪ್ಪನ ತುಟಿ ನೀಲಿಗಟ್ಟಿತ್ತು. ಕರೆದರೆ ಕಣ್ಣು ಬಿಟ್ಟು ಮತ್ತೆ ಮಂಪರಿಗೆ ಜಾರುತ್ತಿದ್ದ. ಡಾಕ್ಟರ ಕೈಯಲ್ಲಿ ಬಟ್ಟಲಿತ್ತು, ಮುಚ್ಚಳ ತೆಗೆದದ್ದು. ಕಾಲು ಭಾಗಕ್ಕೂ ಮೇಲೆ ತುಂಬಿತ್ತು. ಬಣ್ಣ ಕೆರೆಯ ಪಾಚಿಯದು.

“ಇದು ಯಾವಾಗಿಂದ?”

ಪರಮಶಿವಪ್ಪನಿಗೆ ನಿಜ ಹೇಳುವುದಕ್ಕೆ ಒಂದೇ ಒಂದು ಗಳಿಗೆ ಸಿಕ್ಕಿತ್ತು.

“ನಿನ್ನೆವರೆಗೂ ಬಿಳೀನೇ ಇತ್ತು ಸಾರ್.”

ಡಾಕ್ಟರು ಮಂಚದ ಕಡೆ ತಿರುಗಿದರು. ಕೆಂಪಪ್ಪ ಕಣ್ಣು ತೆರೆದಿದ್ದ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು, ಭುಜ ಮೇಲೆಳೆದು, “ಹೌದು ಸ್ವಾಮಿ... ಇವತ್ತೇ... ಹಿಂಗಾಗಿದ್ದು,” ಎಂದ.

ಪರಮಶಿವಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಉಸಿರಿಗೇ ಗತಿಯಿಲ್ಲದ ಮನುಷ್ಯ, ಇದ್ದ ಉಸಿರನ್ನು ತನ್ನ ಸುಳ್ಳಿಗೆ ಖರ್ಚು ಮಾಡಿದ್ದ.

ಡಾಕ್ಟರು ಆ ಕೂಡಲೇ ಪೆನ್ಸಿಲಿನ್ ಕೊಟ್ಟರು. ಆಮೇಲೆ ಕಡ್ಡಿಯ ತುದಿಯಲ್ಲಿ ಒಂದಿಷ್ಟು ಕಫ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ತಾವು ನೋಡಿ ಪಕ್ಕಕ್ಕೆ ಸರಿದು, “ಬನ್ನಿ, ನೋಡ್ರಿ,” ಎಂದರು. ಡಾಕ್ಟರು ಹೇಳಿದ್ದ ಕ್ರಿಮಿಗಳು, ಕಡುನೇರಳೆಯ ಚುಕ್ಕೆಗಳಾಗಿ, ಜೋಡಿಜೋಡಿಯಾಗಿ ಲೆಕ್ಕವಿಲ್ಲದಷ್ಟು ಚೆಲ್ಲಿದ್ದವು. ಪರಮಶಿವಪ್ಪ ನೋಡಿದ. ಈ ಸಲ ಹೇಸಿಗೆಯಾಗಲಿಲ್ಲ. ಕಣ್ಣು ತೆಗೆಯುವ ಧೈರ್ಯ ಮಾತ್ರ ಆಗಲಿಲ್ಲ, ತೆಗೆದರೆ ಡಾಕ್ಟರ ಮುಖ ನೋಡಬೇಕಿತ್ತು.

ಎರಡು ದಿನ ಕೆಂಪಪ್ಪ ಇತ್ತಲೋ ಅತ್ತಲೋ ಎಂಬಂತಿದ್ದ. ಬೆಳಿಗ್ಗೆ ಸಂಜೆ ಸೂಜಿ. ಮೂರನೆಯ ದಿನ ಹಸಿರು ಹಳದಿಗೆ ಇಳಿಯಿತು, ಐದನೆಯ ದಿನ ಗಂಜಿ ಕೇಳಿದ. ಹತ್ತನೆಯ ದಿನ ತುಂಗಮ್ಮನ ಹೆಗಲು ಹಿಡಿದು ಸೊರಬದ ಬಸ್ಸು ಹತ್ತಿದ. ಬಸ್ಸಿನ ಕಿಟಕಿಯಿಂದ ಕೈಮುಗಿದು, “ನೀವು ಇಲ್ದಿದ್ರೆ ನಾನು ಉಳೀತಿರ್ಲಿಲ್ಲ ಕಂಪೌಂಡ್ರೇ,” ಎಂದ. ಪರಮಶಿವಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಬಸ್ಸು ಹೋದ ಮೇಲೆ ಅವನು ಸೀದಾ ಡಾಕ್ಟರ ಕೋಣೆಗೆ ಹೋದ. “ಸಾರ್, ನಾನು ಮೂರು ದಿನಾನೂ ಮುಚ್ಚಳ ತೆಗೆದಿರಲಿಲ್ಲ.”

“ಗೊತ್ತು,” ಎಂದರು ಡಾಕ್ಟರು. ಪುಸ್ತಕ ತೆಗೆದು ಮುಂದೆ ತಳ್ಳಿದರು. “ನಾನು ಬಂದ ದಿನಾನೂ ಬಿಳಿ ಅಂತಾನೇ ಇದೆ. ಮೂರು ದಿನಾನೂ ಒಂದೇ ಅಳತೆ ಬರ್ದೀರಿ. ಕೆಮ್ಮೋ ಮನುಷ್ಯ ಅಳತೆ ಮಾಡ್ಕೊಂಡು ಉಗುಳ್ತಾನೇನ್ರೀ?”

“ಮತ್ತೆ ಯಾಕೆ ಕೇಳ್ಲಿಲ್ಲ ಸಾರ್?”

“ನೀವೇ ಹೇಳ್ತೀರೇನೋ ಅಂತ ಕಾದೆ. ಹತ್ತು ದಿನ ತಗೊಂಡ್ರಿ.” ಪುಸ್ತಕ ಮುಚ್ಚಿ, “ನನಗೊಬ್ಬನಿಗೆ ಹೇಳಿದ್ರೆ ಸಾಲ್ದು,” ಎಂದರು.

ಆ ಭಾನುವಾರ ಅವನು ಶಿರಾಳಕೊಪ್ಪದ ಮೇಲೆ ಹಾಯ್ದು ಸೊರಬಕ್ಕೆ ಹೋಗಿ, ಅಲ್ಲಿಂದ ಎರಡು ಮೈಲಿ ನಡೆದ. ಹೆಂಡತಿ ಜಗದಾಂಬಳಿಗೆ ಎಲ್ಲಿಗೆಂದು ಹೇಳಿರಲಿಲ್ಲ. ಕೆಂಪಪ್ಪ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದ. ಕಂಪೌಂಡರು ತಮ್ಮ ಮನೆಗೆ ಬಂದರೆಂದು ತುಂಗಮ್ಮ ಸಂಭ್ರಮದಿಂದ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ನಿಂತೇ, ನಡೆದದ್ದನ್ನೆಲ್ಲ ಹೇಳಿದ.

ಕೆಂಪಪ್ಪ ತಲೆ ತಗ್ಗಿಸಿದ, ತಪ್ಪು ತನ್ನದೆಂಬಂತೆ. “ಕಂಡಿದ್ದೆ ಕಣ್ರೀ. ನೀವು ತೆಗೀಲಿಲ್ಲ ಅಂತ ನಂಗೆ ಸಮಾಧಾನಾನೇ ಆಗಿತ್ತು. ಬೆಳಿಗ್ಗೆ ಪೂಜೆ ಮಾಡ್ಕಂಡು ವಿಭೂತಿ ಹಚ್ಕಂಡು ಬರ್ತೀರಿ. ನನ್ನ ಎದೆ ಹೊಲಸು ನಿಮ್ಗೆ ತೋರಿಸೋದು ಅಂದ್ರೆ ಮೈ ಹಿಡಿಯಾಗ್ತಿತ್ತು.”

ತುಂಗಮ್ಮ ಮಾತ್ರ ತಲೆ ತಗ್ಗಿಸಲಿಲ್ಲ. “ದಿನಾ ಅದನ್ನ ತೊಳೀತಿದ್ದೋಳು ನಾನು,” ಎಂದಳು. “ಎರಡನೇ ದಿನಾನೇ ಹಳದಿ ಆಗಿದ್ದು ಕಂಡಿದ್ದೆ. ಬರ್ಕಳೋರು ನೋಡಿದಾರಲ್ಲ, ನಾನೇನು ಹೇಳೋದು ಅಂತ ಸುಮ್ನಾದೆ. ಇವ್ರಿಗೆ ನಾಚ್ಕೆ, ನಿಮ್ಗೆ ಹೇಸ್ಕೆ. ನಿಮ್ಮಿಬ್ರ ಮಧ್ಯ ಹೋಗ್ತಿದ್ದಿದ್ದು ನನ್ನ ತಾಳಿ.”

“ತುಂಗೀ,” ಎಂದು ಕೆಂಪಪ್ಪ ಗದರಿದ. ಗದರಿದ್ದಕ್ಕೇ ಕೆಮ್ಮು ಬಂತು.

ಕೆಮ್ಮು ನಿಂತ ಮೇಲೆ ತುಂಗಮ್ಮನೇ ಕೇಳಿದಳು, “ಬಂದಿದೀರಲ್ಲ, ಹೇಳಿ ಹೋಗಿ. ಯಾವ ಬಣ್ಣಕ್ಕೆ ಹೆದರ್ಬೇಕು?”

ಅವನು ಚಾಪೆಯ ಮೇಲೆ ಕೂತ. ಬಿಳಿ ಪಾತ್ರೆಯಲ್ಲೇ ಉಗುಳಬೇಕು, ಬೆಳಕಿನಲ್ಲಿ ನೋಡಬೇಕು, ಎಲೆ ಅಡಿಕೆ ಹಾಕಿದ್ದರೆ ಬಾಯಿ ಮುಕ್ಕಳಿಸಿದ ಮೇಲಿನದನ್ನು ನೋಡಬೇಕು, ಎಷ್ಟು ಬೀಳುತ್ತದೆಂದು ದಿನದಿಂದ ದಿನಕ್ಕೆ ಗಮನವಿಡಬೇಕು, ಹಳದಿಯೋ ಹಸಿರೋ ಕಂಡರೆ ಜ್ವರ ಬರಲೆಂದು ಕಾಯದೆ ಅಂದೇ ಬರಬೇಕು ಎಂದು ಹೇಳಿಕೊಟ್ಟ. ಅವಳು ಅವನ ಮುಂದೆಯೇ ಗಂಡನನ್ನು ಕೆಮ್ಮಿಸಿ ಒಂದು ಪಿಂಗಾಣಿ ತಟ್ಟೆ ಹಿಡಿದಳು. ಕೆಂಪಪ್ಪ ಮುಖ ಆಚೆ ತಿರುಗಿಸಿದ. ಪರಮಶಿವಪ್ಪ ಆ ತಟ್ಟೆಯನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು, “ಇದು ಬಿಳಿ. ಭಯ ಇಲ್ಲ,” ಎಂದ.

ಅಲ್ಲಿಂದ ಮುಂದೆ ಅವನು ದವಾಖಾನೆಯ ಒಂದು ಬಟ್ಟಲನ್ನೂ ನೋಡದೆ ಬಿಟ್ಟಿದ್ದಿಲ್ಲ. ಪೇಟೆಯಲ್ಲಿ ಅವನಿಗೆ ‘ಕಫದ ಕಂಪೌಂಡರ್’ ಎಂಬ ಹೆಸರು ಬಿತ್ತು. ಜಗದಾಂಬಳಿಗೆ ಅದರಿಂದ ಬೇಜಾರು. ಅವನಿಗೆ ಅದಕ್ಕಿಂತ ಕೆಟ್ಟ ಹೆಸರು ಬರಬೇಕಿತ್ತು ಎಂದೇ ಅನ್ನಿಸುತ್ತಿತ್ತು.

ಮುಂದಿನ ಚಳಿಗಾಲ, ಡಿಸೆಂಬರಿನಲ್ಲಿ, ತುಂಗಮ್ಮ ಗಂಡನನ್ನು ಕರೆದುಕೊಂಡು ಮತ್ತೆ ಬಂದಳು. ಕೆಂಪಪ್ಪ ನಡೆದುಕೊಂಡೇ ಬಂದಿದ್ದ. ಜ್ವರವಿರಲಿಲ್ಲ, ತುಟಿಯ ಬಣ್ಣ ಸರಿಯಾಗಿಯೇ ಇತ್ತು. “ನಿನ್ನೆ ಬೆಳಿಗ್ಗೆ ಬಿಳಿ ಇತ್ತು ಸ್ವಾಮಿ, ಇವತ್ತು ಹಳದಿ. ಅಳತೇನೂ ದುಪ್ಪಟ್ಟು,” ಎಂದು ಡಾಕ್ಟರಿಗೆ ಒಪ್ಪಿಸಿದಳು. ಗಾಜಿನ ಮೇಲೆ ಅದೇ ನೇರಳೆ ಜೋಡಿಗಳು ಕಂಡವು. ಅಂದೇ ಪೆನ್ಸಿಲಿನ್ ಶುರುವಾಯಿತು. ನಾಲ್ಕು ದಿನಕ್ಕೆ ಕೆಂಪಪ್ಪ ಎದ್ದು ಓಡಾಡಿದ.

ಹೊರಡುವ ಹಿಂದಿನ ದಿನ ಅವನು ಪಕ್ಕದ ಮಂಚದ ಸಣ್ಣಬೀರಪ್ಪನಿಗೂ ಅವನ ನೆಂಟರಿಗೂ, “ನನ್ನ ಎರಡು ಸಲ ಉಳಿಸಿದೋರು ಇವ್ರೇ,” ಎಂದು ಪರಮಶಿವಪ್ಪನನ್ನು ತೋರಿಸಿದ. ಹಿಂದೆಲ್ಲ ಇಂಥ ಮಾತು ಬಂದರೆ ಪರಮಶಿವಪ್ಪ ಕೋಣೆ ಬಿಟ್ಟು ಹೋಗುತ್ತಿದ್ದ. ಅಂದು ಹೋಗಲಿಲ್ಲ.

“ಇಲ್ರೀ, ಮೊದಲನೇ ಸಲ ಇವರನ್ನ ಸಾಯಿಸ್ತಿದ್ದೋನೇ ನಾನು. ಬಟ್ಟಲು ನೋಡ್ದೇನೇ ಬಿಳಿ ಅಂತ ಬರ್ದಿದ್ದೆ. ಮೂರು ದಿನ.”

ಸಣ್ಣಬೀರಪ್ಪ ನಕ್ಕುಬಿಟ್ಟ. “ನೋಡ್ರಲೇ, ದೊಡ್ಡೋರು ಹಿಂಗೇ. ತಾವು ಮಾಡಿದ್ದು ತಾವು ಹೇಳ್ಕೊಳ್ಳಲ್ಲ,” ಎಂದ. ನೆಂಟರೂ ನಕ್ಕರು. ಕೆಂಪಪ್ಪನೂ ಆ ನಗುವಿನಲ್ಲಿ ಸೇರಿಕೊಂಡ.

ತುಂಗಮ್ಮ ನಗಲಿಲ್ಲ. ಅವಳು ಪರಮಶಿವಪ್ಪನ ಮುಖವನ್ನು ಒಂದು ಸಲ ನೋಡಿ, ಬಟ್ಟಲು ತೊಳೆಯಲು ಬಿಸಿನೀರು ಕೇಳಿದಳು. ಅವನು ತಂದುಕೊಟ್ಟ.