ಎರಡನೆಯ ಟಪ್ಪಾ

ನನ್ನ ಮಗಳಿಗೆ ಸ್ಕ್ವಾಶ್ ಆಟ ಕಲಿಸಿದವರು ಬೈಲಹೊಂಗಲದವರು. ಅವರ ತಂದೆ ಮುಂಬೈಯ ಒಂದು ಕ್ಲಬ್ಬಿನಲ್ಲಿ ಅಡುಗೆಯವರಾಗಿದ್ದರು. ಸದಸ್ಯರು ಆಡಿ ಹೋದ ಮೇಲೆ ಇವರು ಖಾಲಿ ಕೋರ್ಟಿನಲ್ಲಿ ಒಬ್ಬರೇ ಹೊಡೆಯುತ್ತ ಕಲಿತರಂತೆ. ಹನ್ನೆರಡು ವರ್ಷ ವೃತ್ತಿಪರ ಆಟಗಾರ್ತಿಯಾಗಿ ಕೈರೋ, ಕೌಲಾಲಂಪುರ ಎಂದು ಸುತ್ತಿದರು. ಆ ದಿನಗಳ ಬಗ್ಗೆ ಕೇಳಿದರೆ ಗೆದ್ದ ಪಂದ್ಯಗಳನ್ನು ಹೇಳುವುದಿಲ್ಲ. ರ್‍ಯಾಕೆಟ್ಟಿಗೆ ತಾವೇ ತಂತಿ ಬಿಗಿದದ್ದು, ಪರಿಚಯವಿಲ್ಲದವರ ಮನೆಯ ಸೋಫಾದ ಮೇಲೆ ಮಲಗಿದ್ದು, ಇಂಥವನ್ನೇ ಹೇಳುತ್ತಾರೆ. ಸೊಂಟದ ನೋವು ಹೆಚ್ಚಾದಾಗ ಊರಿಗೆ ಮರಳಿ, ಹಳೆಯ ಹತ್ತಿ ಗೋದಾಮಿನೊಳಗೆ ಕೋರ್ಟು ಕಟ್ಟಿಸಿದರು. ಚೆಂಡು ಬಡಿಯುವ ಎದುರು ಗೋಡೆಯ ಗಿಲಾವನ್ನು ಮೂರು ಸಲ ಕೆಡವಿಸಿ ಮಾಡಿಸಿದೆ ಎನ್ನುತ್ತಾರೆ. ಎರಡೇ ಸಲ ಎನ್ನುತ್ತಾನೆ ಗೌಂಡಿ. ನಾನು ಇಬ್ಬರನ್ನೂ ನಂಬುತ್ತೇನೆ.

ಹುಡುಗಿಯರಿಗೆ ಅವರು ಅಕ್ಕಾರು. ಅವರು ಮೊದಲು ಕಲಿಸುವುದು ಕೈ ಎತ್ತುವುದನ್ನು. ಚೆಂಡು ನೆಲಕ್ಕೆ ಒಂದು ಟಪ್ಪಾ ಬಿದ್ದು ಪುಟಿದ ಮೇಲೆ ಹೊಡೆಯಬಹುದು. ಎರಡು ಬಿದ್ದರೆ ಪಾಯಿಂಟು ಹೋಯಿತು. ಹೊರಗಿನವರಿಗೆ ಅದು ಅನೇಕ ಸಲ ಕಾಣುವುದಿಲ್ಲ, ಹೊಡೆದವರಿಗೆ ಗೊತ್ತಿರುತ್ತದೆ. ಹಾಗಾಗಿ ಅವರೇ ಕೈ ಎತ್ತಿ ಹೇಳಬೇಕು.

"ಅಂಪೈರ್ ನೋಡ್ಲಿಲ್ಲಂತ ಸುಮ್ಮ ನಿಂತಿ ಅಂದ್ರ, ನಾಳಿಯಿಂದ ಹಗ್ಗಾ ಜಿಗಿಯಾಕ ಬಾ. ಆಡಾಕ ಬರಬ್ಯಾಡ."

ನಾವಿರುವುದು ಸವದತ್ತಿಯಲ್ಲಿ. ಮಗಳು ವಾರಕ್ಕೆ ನಾಲ್ಕು ದಿನ ಮುರಗೋಡದ ಮೇಲೆ ಹಾದುಹೋಗುವ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಹೋಗುತ್ತಿದ್ದಳು. ಅವಳು ಪಿಯುಸಿ ಎರಡನೆಯ ವರ್ಷಕ್ಕೆ ಬಂದಾಗ, ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಅಂಕಗಳ ಭಯ ಹಿಡಿಯಿತು. ದೀಪಾವಳಿಯೊಳಗೆ ಅಕ್ಕಾರ ಮೇಲೆ ಒಂದೇ ಒಂದು ಗೇಮ್ ಗೆದ್ದರೆ ಮುಂದುವರಿಸು, ಇಲ್ಲದಿದ್ದರೆ ಆಟ ಬಿಡು ಎಂದೆ. ನ್ಯಾಯವಾದ ಷರತ್ತು ಎಂದುಕೊಂಡಿದ್ದೆ. ಗೆಲ್ಲಲಾರಳು ಎಂದು ಗೊತ್ತಿದ್ದೇ ಹಾಗೆ ಹೇಳಿದೆನೇ? ಇರಬಹುದು.

ಅಕ್ಕಾರಿಗೆ ತಿಳಿಸಿದಾಗ ಅವರು, "ಸರ, ನಾ ಸೋತ ಕೊಡೂದಿಲ್ಲ ಮತ್ತ" ಎಂದರು.

"ಸೋಲ್ರಿ ಅಂತ ನಾ ಎಲ್ಲಿ ಅಂದೇನ್ರಿ?"

"ಅಂದಿಲ್ಲ. ಮೊದ್ಲ ಹೇಳಿ ಇಟ್ಟೆ. ಅಂಪೈರ್ ನೀವ ಆಗ್ರಿ."

ಆಟದ ದಿನ ಮೊದಲ ಎರಡು ಗೇಮ್ ಅಕ್ಕಾರು ಸಲೀಸಾಗಿ ಗೆದ್ದರು. ಮಗಳು ಪ್ರತಿ ತಪ್ಪಿಗೂ ನನ್ನ ಕಡೆ ತಿರುಗುತ್ತಿದ್ದಳು. "ಅಪ್ಪನ ಮಾರಿ ಏನ್ ನೋಡ್ತಿ? ಚೆಂಡ ಅಲ್ಲಿಲ್ಲ" ಎಂದು ಅಕ್ಕಾರು ಗದರಿದರು. ಮೂರನೆಯ ಗೇಮಿನಲ್ಲಿ ಅವಳು ತಿರುಗುವುದನ್ನು ಬಿಟ್ಟಳು. ಹತ್ತು–ಒಂಬತ್ತು, ಅವಳೇ ಮುಂದೆ. ಇನ್ನೊಂದು ಪಾಯಿಂಟು ಬೇಕಿತ್ತು. ಅವಳು ಚೆಂಡನ್ನು ಮೂಲೆಗೆ ಮೆಲ್ಲಗೆ ಇಳಿಸಿದಳು. ಅಕ್ಕಾರು ಆ ಸೊಂಟವನ್ನೇ ಹೊತ್ತು ಮುಂದಕ್ಕೆ ಮೈ ಚಾಚಿ, ಅದನ್ನು ಎತ್ತಿ ಗೋಡೆಗೆ ಹೊಡೆದರು. ಅದು ಮಗಳಿಗೆ ಸಿಗಲಿಲ್ಲ. ಹತ್ತು–ಹತ್ತು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರು ಕೈ ಎತ್ತಿದ್ದರು.

"ಎರಡ ಟಪ್ಪಾ ಆತು. ಗೇಮ್ ಅಕಿದು."

"ಖರೇನ್ರಿ ಅಕ್ಕಾರ?" ಎಂದಳು ಮಗಳು.

"ಮತ್ತ ಚ್ಯಾಷ್ಟಿಗೆ ಕೈ ಎತ್ತತೇನೇನ? ನಡಿ, ನೀರ ಕುಡಿ."

ನನ್ನ ನೆನಪಿನಲ್ಲಿ ಇರುವುದು ಒಂದೇ ಟಪ್ಪಾ. ಚೆಂಡಿನ ಕೆಳಗೆ ರ್‍ಯಾಕೆಟ್ಟು ನುಗ್ಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ದಿನದ ಡೈರಿಯಲ್ಲಿ ಬರೀ ಅಂಕಗಳಿವೆ. ಬಸ್ಸು ಎಷ್ಟು ತಡವಾಯಿತು ಎಂಬುದನ್ನೂ ಬರೆದಿಡುವ ನಾನು ಇದನ್ನು ಬರೆದಿಲ್ಲ. ಅಂದು ನೋಡಲೇ ಇಲ್ಲವೇ, ಅಥವಾ ಆಮೇಲೆ ಆಗಾಗ ನೆನೆಯುತ್ತ ಆ ಒಂದು ಟಪ್ಪಾವನ್ನು ನಾನೇ ಕೂಡಿಸಿಕೊಂಡೆನೇ? ಅವರು ನಿಜ ಹೇಳಿದ್ದರೆ, ತಾವು ಕಲಿಸಿದ್ದನ್ನೇ ನಡೆಸಿದರು. ಹೇಳಿಲ್ಲವಾದರೆ, ಎಲ್ಲಕ್ಕಿಂತ ಹೆಚ್ಚೆಂದು ಕಾಪಾಡಿಕೊಂಡು ಬಂದ ನಿಯಮವನ್ನು ನನ್ನ ಮಗಳಿಗಾಗಿ ಮುರಿದರು. ಯಾವುದೇ ಆಗಿದ್ದರೂ ಅವರ ಮೇಲಿನ ನನ್ನ ಗೌರವ ಕಡಿಮೆಯಾಗುವುದಿಲ್ಲ.

ಕಳೆದ ತಿಂಗಳು ಮಗಳು ರಾಜ್ಯ ತಂಡಕ್ಕೆ ಆಯ್ಕೆಯಾದಳು. ಪೇಢೆ ಹಿಡಿದುಕೊಂಡು ಹೋದ ನಾನು ಕೇಳಿಯೇಬಿಟ್ಟೆ.

"ಅವತ್ತ ಅದು ಒಂದ ಟಪ್ಪಾ ಇತ್ತಲ್ರಿ?"

ಅಕ್ಕಾರು ರ್‍ಯಾಕೆಟ್ಟಿನ ಹಿಡಿಕೆಗೆ ಪಟ್ಟಿ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

"ಅಂಪೈರ್ ಯಾರಿದ್ರು?"

"ನಾನ."

"ನಿಮಗ ಒಂದ ಕಂಡಿದ್ರ ಅವತ್ತ ಯಾಕ ಬಾಯಿ ಬಿಡ್ಲಿಲ್ರಿ?"

ನಾನು ಹಾಕಿದ ಷರತ್ತು ಹೇಗಾದರೂ ಮುಗಿದರೆ ಸಾಕು ಎಂದು ಆ ಹೊತ್ತಿಗೆ ನನಗೇ ಅನ್ನಿಸತೊಡಗಿತ್ತು ಎಂದು ಹೇಳಬಹುದಿತ್ತೇನೋ. ಅದೂ ಈಗ ಹೊಳೆದದ್ದೇ ಇರಬಹುದು.

"ಮಾತ ಸಾಕ್ರಿ ಸರ. ಬ್ಯಾಕ್‌ಹ್ಯಾಂಡಿಗೆ ಅಕಿ ಇನ್ನೂ ತಡಾ ಮಾಡತಾಳ. ನಾಳಿ ಮೊದಲ್ನೇ ಬಸ್ಸಿಗೆ ಕಳಸ್ರಿ."

ಕಳಿಸುತ್ತೇನೆ ಎಂದೆ.