ನಾಲ್ಕು ಕಂಪ್ಯೂಟರ್ ಜೋಡಿಸಿದ ಪುಟ್ಟಿ

ನಲವತ್ತು ದಾಟಿದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಓದು ಅರ್ಧಕ್ಕೆ ನಿಂತಿತ್ತು, ಆದರೆ ರೇಡಿಯೋ ರಿಪೇರಿ ಅಂಗಡಿಯಲ್ಲಿ ಹದಿನಾರು ವರ್ಷ ಕೂತು ಕಿವಿ ಪಳಗಿತ್ತು. ಅಕ್ಕನಿಗೆ ಒಳ್ಳೆಯ ಕಂಠ. ಹೊಲಿಗೆ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ಪುಸ್ತಕ ಓದಿ ಧ್ವನಿಮುದ್ರಿಸಿ ಕೊಡುವ ಕೆಲಸ ಶುರುಮಾಡಿದಾಗ "ಪುಟ್ಟಿ, ನೀನಿದ್ರೆ ನನಗೆ ಧೈರ್ಯ" ಅಂದಳು. ಅಷ್ಟೇ ಸಾಕಿತ್ತು, ಪುಟ್ಟಿ ಅಂಗಡಿ ಬಿಟ್ಟು ಬಂದಳು.

ಇದ್ದ ಒಂದು ಕಂಪ್ಯೂಟರೋ ಮುದಿ ಜೀವ. ಅಕ್ಕನ ದನಿ ಹಿಡಿಯುತ್ತಲೇ ಕೆಳಗಿನ ಹೊಲಿಗೆ ಯಂತ್ರಗಳ ಗರಗರ ಅಳಿಸು ಎಂದರೆ ನಿಂತೇಬಿಡುತ್ತಿತ್ತು. ಯಾವುದೋ ಆಫೀಸು ಬಿಸಾಕಿದ ಇನ್ನೂ ಮೂರನ್ನು ಪುಟ್ಟಿ ಹೊತ್ತು ತಂದಳು. ಗೋಡೆಯುದ್ದಕ್ಕೂ ಕೇಬಲ್ ಎಳೆದು ನಾಲ್ಕನ್ನೂ ಜೋಡಿಸಿದಳು: ಒಂದು ದನಿ ಹಿಡಿಯುವುದಕ್ಕೆ, ಎರಡು ಗದ್ದಲ ಅಳಿಸಿ ಹದಮಾಡುವುದಕ್ಕೆ, ನಾಲ್ಕನೆಯದರ ಮೂಲಕ ಒಂದೇ ಇಂಟರ್ನೆಟ್ ಲೈನು ಎಲ್ಲಕ್ಕೂ. ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಅಕ್ಕನ ದನಿ ತೊಳೆದಿಟ್ಟ ಹಾಗೆ ಕೇಳಿದ ದಿನ ಅಕ್ಕತಂಗಿ ಕೈ ಹಿಡಿದು ಕುಣಿದೇಬಿಟ್ಟರು. ಕೆಳಗಿನಿಂದ ದರ್ಜಿ "ಮಹಡಿ ಬೀಳಿಸ್ತೀರೇನ್ರಮ್ಮ?" ಎಂದು ಕೂಗಿದ.

ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಅಕ್ಕ, "ಯಾವ ವೈರು ಎಲ್ಲಿಗೆ, ಪಾಸ್‌ವರ್ಡ್ ಏನು, ಎಲ್ಲ ಬರೆದಿಡೇ. ನೀನು ಜ್ವರ ಅಂತ ಮಲಗಿದ್ರೆ ನಾನೇನು ಮಾಡ್ಲಿ?" ಅಂದಳು. ಪುಟ್ಟಿ ಬಣ್ಣದ ಪೆನ್ನು ಹಿಡಿದು, ಚಿತ್ರ ಬಿಡಿಸಿ, ಮಗುವಿಗೂ ತಿಳಿಯುವಂತೆ ಹನ್ನೊಂದು ಪುಟ ಬರೆದುಕೊಟ್ಟಳು.

ಮುಂದಿನ ಸೋಮವಾರ ಹೋದರೆ ಅವಳ ಕುರ್ಚಿಯಲ್ಲಿ ಯಾರೋ ಗಡ್ಡದವನು. ಅವನ ಮುಂದೆ ಆ ಹನ್ನೊಂದು ಪುಟ ಹರಡಿಕೊಂಡಿತ್ತು. ಪಕ್ಕದಲ್ಲಿದ್ದ ಭಾವ, ಅಕ್ಕನ ಗಂಡ, ತಡವರಿಸಿದ: "ನಿಮ್ಮಕ್ಕ ನಿಂಗೆ ಹೇಳ್ಲಿಲ್ವಾ?"

ಧ್ವನಿಮುದ್ರಣದ ಕೋಣೆಯ ಗಾಜಿನಾಚೆ ಅಕ್ಕ ಓದುತ್ತಿದ್ದಳು. ತಂಗಿಯನ್ನು ಕಂಡಳು. ಕಂಡೂ ಕಣ್ಣು ಪುಸ್ತಕಕ್ಕಿಳಿಸಿ ಓದು ಮುಂದುವರಿಸಿದಳು. ಅಧ್ಯಾಯ ಮುಗಿಯುವವರೆಗೆ ಪುಟ್ಟಿ ನಿಂತೇ ಇದ್ದಳು.

"ದೊಡ್ಡ ಕಂಪನಿ ಕೆಲಸ ಬಂದಿದೆ ಕಣೇ," ಹೊರಗೆ ಬಂದು ಅಕ್ಕ ಅಂದಳು. "ಡಿಗ್ರಿ ಇರೋರೇ ಬೇಕಂತೆ ಅವರಿಗೆ. ನಿನಗೆ ಬೇಜಾರಾಗುತ್ತೆ ಅಂತ..."

"ಹಾಗಾದ್ರೆ ಜ್ವರ ಗಿರ ಅಂದದ್ದೆಲ್ಲ ನಾಟಕನಾ?"

ಅಕ್ಕ ಮುಂದಿನ ಅಧ್ಯಾಯದ ಪುಟ ಹುಡುಕತೊಡಗಿದಳು.

ಪುಟ್ಟಿ ಮೆಟ್ಟಿಲಿಳಿದಳು. ಕೆಲಸ ಹೋದದ್ದಕ್ಕಿಂತ, ಅಷ್ಟು ಅಕ್ಕರೆಯಿಂದ ಕೂತು ಬರೆದೆನಲ್ಲ ಅನ್ನುವುದೇ ಅವಳನ್ನು ಸುಟ್ಟಿತು.

ಹತ್ತು ದಿನಕ್ಕೆ ಅಕ್ಕನ ಫೋನು ಬಂತು. ಧ್ವನಿಮುದ್ರಣದಲ್ಲಿ ದನಿ ತುಂಡುತುಂಡಾಗುತ್ತಿದೆ, ಗಡ್ಡದವನಿಗೆ ಏನೂ ತಿಳಿಯುತ್ತಿಲ್ಲ.

"ಭಾವ ಅಲ್ಲೇ ಕೂತು ಇಂಟರ್ನೆಟ್ಟಲ್ಲಿ ಸಿನಿಮಾ ನೋಡ್ತಿದಾರಾ?" ಪುಟ್ಟಿ ಕೇಳಿದಳು.

"ಹೂಂ, ನೋಡ್ತಿದಾರೆ."

"ದನಿ ಕೇಬಲ್ಲು, ಇಂಟರ್ನೆಟ್ ಕೇಬಲ್ಲು ಎರಡನ್ನೂ ಒಂದೇ ಡಬ್ಬಿಗೆ ಸಿಕ್ಕಿಸಿದಾನೆ ಅವನು. ಸಿನಿಮಾ ಓಡ್ತಿದ್ರೆ ದನಿಗೆ ದಾರಿ ಸಿಗಲ್ಲ. ಬೇರೆ ಮಾಡಿಸು."

"ನೀನೇ ಒಂದ್ಸಲ ಬಂದು ನೋಡ್ತೀಯಾ, ಪುಟ್ಟಿ?"

"ಇಲ್ಲ."

ಅಕ್ಕನಿಗೆ ಅವಳು ಇಲ್ಲ ಅಂದದ್ದು ಅದೇ ಮೊದಲು.

ಈಗ ಭಾಷೆ ಕಲಿಸುವ ಶಾಲೆಯೊಂದರಲ್ಲಿ ಹನ್ನೆರಡು ಕಂಪ್ಯೂಟರ್‌ಗಳ ಉಸ್ತುವಾರಿ ಅವಳದು. ಅಮ್ಮನ ಮನೆಯಲ್ಲಿ ಅಕ್ಕ ಸಿಕ್ಕರೆ "ಊಟ ಆಯ್ತಾ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. "ಗಂಟೆಗಟ್ಟಲೆ ಹರಟ್ತಿದ್ದೋರು, ಏನಾಯ್ತ್ರೇ ನಿಮಗೆ?" ಎಂದು ಅಮ್ಮ ಕೇಳಿದರೆ ಇಬ್ಬರೂ ತಟ್ಟೆ ನೋಡುತ್ತಾರೆ.