ಹಾಯಿಯ ಇನ್ನರ್ಧ

ದಾವಣಗೆರೆ ವಿನೋಬನಗರದ ನಮ್ಮ ಓಣಿಯಲ್ಲಿ ಆಟೋಗಳಿಗೆ ಹುಡ್ ಹೊಲಿಯುವ ರೇವತಿಗೆ ಗಾಳಿಯೆಂದರೆ ಆಗುತ್ತಿರಲಿಲ್ಲ. ಹುಡ್ ಹಾಕಿಸಿಕೊಂಡು ಹೋದ ಡ್ರೈವರ್ ಮತ್ತೆ ಬಂದು, "ಅಕ್ಕಾ, ಗಾಳಿ ಬರ್ತೈತೆ" ಎಂದು ರಾಗ ಎಳೆಯುತ್ತಿದ್ದ. ಇವಳು ಗೊಣಗುತ್ತ ಇನ್ನೊಂದು ಹೊಲಿಗೆ ಹಾಕುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಇದೇ ಕಥೆ.

ಅಂಥವಳಿಗೆ ಹರಿಹರದಲ್ಲಿ ವೆಲ್ಡಿಂಗ್ ಮಾಡುವ ತಮ್ಮ ಸಿದ್ದೇಶ್ ಫೋನ್ ಮಾಡಿ, "ಅಕ್ಕಾ, ಗಾಳಿ ಹಿಡಿಯೋದೊಂದು ಹೊಲಿದು ಕೊಡು" ಎಂದ. ಗೆಳೆಯರೆಲ್ಲ ಸೇರಿ ತುಂಗಭದ್ರೆಯಲ್ಲಿ ಹಾಯಿದೋಣಿ ಪಂದ್ಯ ಇಟ್ಟುಕೊಂಡಿದ್ದರು. ದೋಣಿ ಅವನೇ ಕಟ್ಟಿದ್ದ. ಹಾಯಿಯ ಬಟ್ಟೆ ಅರವತ್ತು ಚದರ ಅಡಿ ಮೀರಬಾರದು, ಅಷ್ಟೇ ನಿಯಮ. "ಮೂರು ಮೂಲೆ ಹಾಯಿ ಮಾಡು. ಹೊಲಿದೋರಿಗೆ ದೋಣ್ಯಾಗೆ ಸೀಟು ಗ್ಯಾರಂಟಿ" ಅಂದದ್ದೇ ತಡ, ರೇವತಿ ಕುಣಿದುಬಿಟ್ಟಳು. ಹೊಳೆಯ ಮೇಲೆ ಒಂದು ಸಲವಾದರೂ ಹೋಗಬೇಕೆಂಬುದು ಅವಳ ಬಹಳ ದಿನದ ಆಸೆ.

"ಆರಡಿ ಅಗಲ, ಹತ್ತಡಿ ಎತ್ತರ. ಆರ್ ಹತ್ಲ ಅರವತ್ತು! ಸೈಟು ಅಳೆದಂಗೆ ಅಲ್ಲೇನು?" ಎಂದಳು. ಪಕ್ಕದ ಮನೆಯ ನಾನೂ ಹೌದೌದು ಎಂದೆ. ಆರು-ಹತ್ತರ ನೀಲಿ ತಾಡಪಾಲನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಹಾಯಿ ಹೊಲಿದಳು. ಉಳಿದ ತುಂಡನ್ನು ಬಿಸಾಡುವ ಪೈಕಿಯೇ ಅವಳು? ಅಂಚು ಮಡಿಚಿ, ಹಗ್ಗ ತೂರಿಸಲು ತೂತಿನ ಕಣ್ಣು ಮಾಡಿ, ಗಂಡ ಭರಮಣ್ಣನ ಆಟೋಗೆ ಪಕ್ಕದ ಪರದೆಯಾಗಿ ಕಟ್ಟಿದಳು.

ಭಾನುವಾರ ಅದೇ ಆಟೋದಲ್ಲಿ ಹರಿಹರಕ್ಕೆ ಹೋದೆವು. ಪಂದ್ಯಕ್ಕೆ ಮೊದಲು ದೋಣಿಯನ್ನು ನೀರಿಗೆ ಬಿಟ್ಟು ನೋಡಿದರೆ, ಅಕ್ಕಪಕ್ಕದ ದೋಣಿಗಳು ಸರಸರ ಹೋಗುತ್ತಿವೆ, ನಮ್ಮದು ಎಮ್ಮೆಯ ಹಾಗೆ ನೀರಲ್ಲಿ ಕೂತಿದೆ! ಸಿದ್ದೇಶ್ ಮುಖ ಸಣ್ಣದು ಮಾಡಿಕೊಂಡ. "ನನ್ನ ಹೊಲಿಗೇನೇ ಸರಿ ಇಲ್ಲೇನೋ" ಎಂದು ರೇವತಿ ಕಣ್ಣು ಒರೆಸಿಕೊಂಡಳು.

ಅಷ್ಟರಲ್ಲಿ ಹಾಯಿ ಅಳೆಯಲು ಗಣಿತದ ಮೇಷ್ಟ್ರು ಕೆಂಚವೀರಪ್ಪ ಟೇಪು ಹಿಡಿದು ಬಂದರು. "ಏನ್ರವ್ವ, ಅರವತ್ತಕ್ಕೆ ಅವಕಾಶ ಐತೆ, ನಿಮ್ದು ಮೂವತ್ತೇ ಐತಲ್ರಿ!"

"ಅದು ಹೆಂಗ್ರಿ ಸಾರ್? ಆರ್ ಹತ್ಲ ಅರವತ್ತು!"

"ಅದು ಸೈಟಿನ ಲೆಕ್ಕ. ಮೂರು ಮೂಲೆಗೆ ಅದರಾಗೆ ಅರ್ಧ. ಇನ್ನರ್ಧ ಎಲ್ಲೈತೆ?"

ರೇವತಿ ಆಟೋ ಕಡೆ ತಿರುಗಿದವಳೇ ಕಿಟಾರನೆ ಕಿರುಚಿದಳು: "ಅಲ್ಲೇ ಐತೆ!"

ಸೆರಗು ಸಿಕ್ಕಿಸಿ ಓಡಿದಳು. ಭರಮಣ್ಣ, "ಏ, ಮಳೆ ಬಂದ್ರೆ?" ಎನ್ನುವಷ್ಟರಲ್ಲಿ ಪರದೆ ಅವಳ ಹೆಗಲ ಮೇಲಿತ್ತು. ಅಂಚಿನ ಕಣ್ಣುಗಳಿಗೆ ಹಗ್ಗ ಪೋಣಿಸಿ, ಸಿದ್ದೇಶ್ ಅದನ್ನು ಹಾಯಿಕಂಬದ ತುದಿಯಿಂದ ದೋಣಿಯ ಮೂತಿಗೆ ಎಳೆದು ಕಟ್ಟಿದ. ಮೇಷ್ಟ್ರು ಅದನ್ನೂ ಅಳೆದರು. "ಮೂವತ್ತು! ಈಗ ಸರಿ ಆತು, ಹತ್ರಿ!"

ಅಕ್ಕ ತಮ್ಮ ಹತ್ತಿ ಕೂತರು; ಪಂದ್ಯ ಶುರುವಾದದ್ದೇ ಎರಡೂ ಹಾಯಿ ಉಬ್ಬಿದವು. ದೋಣಿ ಹೊರಟ ವೇಗಕ್ಕೆ ನಾನು ದಡದಲ್ಲಿ ಚಪ್ಪಲಿ ಬಿಟ್ಟು ಓಡಿದೆ, ಶಿಳ್ಳೆ ಹೊಡೆದೆ. ಎರಡನೆಯವರಾಗಿ ಆಚೆ ದಡ ಮುಟ್ಟಿದರು. ಮೊದಲು ಮುಟ್ಟಿದವರಿಗೂ ರೇವತಿಯಷ್ಟು ಖುಷಿ ಆಗಿರಲಿಕ್ಕಿಲ್ಲ.

ಪರದೆಯನ್ನು ದೋಣಿಗೇ ಬಿಟ್ಟು ಬಂದಳು. ಸಂಜೆ ದಾವಣಗೆರೆಗೆ ವಾಪಸಾಗುವಾಗ ಆಟೋದೊಳಗೆ ಧೂಳು, ಚಳಿ. ಭರಮಣ್ಣ ಮುಂದಿನಿಂದಲೇ ಗೊಣಗಿದ, "ಗಾಳಿ ಬರ್ತೈತೆ ಕಣೇ."

ರೇವತಿ ಕೆದರಿದ ಕೂದಲನ್ನು ಸರಿ ಮಾಡಿಕೊಳ್ಳಲೂ ಹೋಗದೆ, ಮುಖವನ್ನು ಹೊರಗೆ ಚಾಚಿ ಹೇಳಿದಳು: "ಬರ್ಲಿ ಬಿಡ್ರಿ!"